ಟೀಪು ಸುಲ್ತಾನನ ಸ್ವಪ್ನಲೇಖನ: ಒಂದು ಆಕರವಿಚಾರ

ನಮ್ಮ ಅರಸರ ಅಂತರಂಗ ಜೀವನವನ್ನು ತಿಳಿಯಲು ದೊರೆಯುವ ಸಾಮಗ್ರಿ ವಿರಳ. ಶಾಸನಗಳು ದಾನವನ್ನೂ ದಿಗ್ವಿಜಯವನ್ನೂ ಹೇಳುತ್ತವೆಯೇ ಹೊರತು ದೊರೆಯ ಮನಸ್ಸನ್ನು ತೆರೆದು ತೋರಿಸುವುದಿಲ್ಲ. ಈ ದೃಷ್ಟಿಯಿಂದ ಟೀಪು ಸುಲ್ತಾನನು ಬಿಟ್ಟುಹೋದ ಸ್ವಂತ ವಸ್ತುಗಳು ಗಮನಾರ್ಹವಾಗಿವೆ. ಆದರೆ ಇವುಗಳಲ್ಲಿ ಪ್ರಸಿದ್ಧವಾದವು ನಮಗೆ ದೊರೆತದ್ದು ಅವನ ವಂಶಜರಿಂದಲ್ಲ, ಅವನನ್ನು ಗೆದ್ದವರಿಂದ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟೀಪು ಮಡಿದ ತರುವಾಯ ಅವನ ಸಿಂಹಾಸನವನ್ನು ಒಡೆದು ಹಂಚಲಾಯಿತು. ಐರೋಪ್ಯನೊಬ್ಬನ ಮೇಲೆ ಎರಗಿರುವ ಮರದ ಯಂತ್ರವ್ಯಾಘ್ರವು ಲಂಡನ್ನಿಗೆ ಹೋಗಿ, 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಪ್ರದರ್ಶಿತವಾಯಿತು. ಹಿಡಿಯನ್ನು ತಿರುಗಿಸಿದರೆ ಹುಲಿ ಗರ್ಜಿಸುವುದು, ಮನುಷ್ಯನು ನರಳುವನು. ಕ್ರೂರಿಯೆಂದು ಆಂಗ್ಲರಲ್ಲಿ ಮೊದಲೇ ಕುಖ್ಯಾತನಾಗಿದ್ದ ದೊರೆಯ ಚಿತ್ರಕ್ಕೆ ಈ ಆಟಿಕೆಯು ಸಾಕ್ಷ್ಯದಂತೆ ಒದಗಿತು. ನೆನಪಿನ ವಸ್ತುವನ್ನು ಆರಿಸಿ ಪ್ರದರ್ಶಿಸಿದವನ ಉದ್ದೇಶವೂ ಆ ವಸ್ತುವಿನ ಇತಿಹಾಸದ ಒಂದು ಭಾಗವೇ ಆಗಿದೆ.

ಇದಕ್ಕಿಂತ ಭಿನ್ನವಾದುದು, ಅರಮನೆಯ ಶಯನಗೃಹದಲ್ಲಿ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ಕನಿಗೆ ದೊರೆತ ಸ್ವಪ್ನಪುಸ್ತಕ. ಇದು ಟೀಪುವಿನ ಸ್ವಹಸ್ತದ ಪಾರಸಿ ಬರಹ. ಇದರಲ್ಲಿ 37 ಕನಸುಗಳಿವೆ. ಆತನ ಮುನ್ಷಿ ಹಬೀಬುಲ್ಲಾ ಇಂಥದೊಂದು ಪುಸ್ತಕವಿದೆಯೆಂದು ಬಲ್ಲವನಾಗಿದ್ದರೂ ಅದನ್ನು ಕಂಡಿರಲಿಲ್ಲ. 1800ರಲ್ಲಿ ಕಂಪನಿಯ ನಿರ್ದೇಶಕರಿಗೆ ಒಪ್ಪಿಸಲಾದ ಈ ಹಸ್ತಪ್ರತಿಯು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಗುಟ್ಟಾಗಿ ಬರೆದಿಟ್ಟುದು ಎಂಬ ಮಾತ್ರಕ್ಕೆ ಇದನ್ನು ನಿಷ್ಕಪಟ ಮನಸ್ಸಿನ ನೇರ ಪ್ರತಿಬಿಂಬವೆನ್ನಬಹುದೆ? ಒಂದು ಉದಾಹರಣೆಯನ್ನು ನೋಡಬಹುದು. 1786ರಲ್ಲಿ ಸವಣೂರಿನ ಪರಿಸರದಲ್ಲಿ ಹರಿಪಂತ ಫಡ್ಕೆಯ ಮರಾಠಾ ಸೈನ್ಯದ ಮೇಲೆ ರಾತ್ರಿದಾಳಿ ನಡೆಸುವ ಮುನ್ನ ಟೀಪು ಒಂದು ಕನಸನ್ನು ಕಂಡನು. ಸುಂದರ ತರುಣನೊಬ್ಬನು ಬಂದು ಕುಳಿತನು. ಬಳಿಕ ಆತನು ಪುರುಷವೇಷದ ಹೆಣ್ಣೆಂದು ತಿಳಿಯಿತು. ಶತ್ರುಗಳು ಗಂಡುಡುಗೆಯಲ್ಲಿದ್ದರೂ ಯುದ್ಧದಲ್ಲಿ ಹೆಣ್ಣುಗಳಂತಾಗುವರೆಂದು ಟೀಪು ಇದನ್ನು ಅರ್ಥೈಸಿದನು. ಆದರೆ ಅದೇ ಬರಹದಲ್ಲಿ ದಾಳಿಯ ಗೆಲವೂ ಶತ್ರುಗಳ ಪಲಾಯನವೂ ದಾಖಲಾಗಿವೆ. ಎಂದರೆ, ಕನಸು ದಾಳಿಗೆ ಮೊದಲಿನದಾದರೂ ನಮ್ಮ ಕೈಯಲ್ಲಿರುವ ಲೇಖನವು ಗೆಲವಿನ ಅನಂತರ ಪೂರ್ತಿಯಾದುದು. ಫಲವನ್ನು ಅರಿತವನು ಶಕುನವನ್ನು ಬರೆದಿದ್ದಾನೆ.

ಆದುದರಿಂದ ಈ ಪುಸ್ತಕವು ಮುಂದೇನಾಯಿತೆಂಬುದಕ್ಕಿಂತ, ಮರಾಠರು ಮತ್ತು ಆಂಗ್ಲರ ನಡುವೆ ಸಿಕ್ಕಿದ ದೊರೆಗೆ ದೈವಾನುಗ್ರಹದ ಭರವಸೆ ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಪ್ರಮಾಣವಾಗುತ್ತದೆ. ಅವನು ಮತಾಂಧನೋ ಉದಾರಿಯೋ ಎಂಬ ತೀರ್ಮಾನಕ್ಕೆ ಯಂತ್ರವ್ಯಾಘ್ರವಾಗಲಿ ಸ್ವಪ್ನಪುಸ್ತಕವಾಗಲಿ ಸಾಲದು. ಕೊಡಗು ಮಲಬಾರುಗಳಲ್ಲಿ ಅವನು ನಡೆಸಿದ ಬಲಾತ್ಕಾರವನ್ನೂ, 1791ರ ಮರಾಠಾ ಸೂರೆಯ ತರುವಾಯ ಶೃಂಗೇರಿ ಮಠಕ್ಕೆ ಅವನು ಬರೆದ, 1916ರಲ್ಲಿ ಬೆಳಕಿಗೆ ಬಂದ ಕನ್ನಡ ಪತ್ರಗಳನ್ನೂ ಒಟ್ಟಿಗೆ ತೂಗಿ ನೋಡಬೇಕು. ಅಂತರಂಗದ ಬರಹವು ಬಹಿರಂಗದ ಕೃತ್ಯಗಳಿಗೆ ಟಿಪ್ಪಣಿಯಾಗಬಹುದು, ಬದಲಿಯಾಗಲಾರದು.