ದೊಡ್ಡ ಸ್ವಾಮಿಯವರ ನಿರಾಶೆ, ಡೋರನಹಳ್ಳಿಯ ತೇರು

ಜೂನ್ 13 ಹತ್ತಿರವಾಗುತ್ತಿದ್ದಂತೆ ಕೃಷ್ಣರಾಜನಗರ ಸೀಮೆಯ ದಾರಿಗಳೆಲ್ಲ ಡೋರನಹಳ್ಳಿಯ ಕಡೆಗೆ ತಿರುಗುತ್ತವೆ. ಪಾದುವಾದ ಸಂತ ಅಂತೋಣಿಯವರ ಹಬ್ಬಕ್ಕೆ ಕ್ರೈಸ್ತರಷ್ಟೇ ಅಲ್ಲ, ಸುತ್ತಲ ಊರುಗಳ ಇತರ ಧರ್ಮಗಳ ಬಾಂಧವರೂ ಹರಕೆ ಹೊತ್ತು ಬರುತ್ತಾರೆ. ನವೇನ, ದಿವ್ಯ ಬಲಿಪೂಜೆ, ಮೆರವಣಿಗೆ, ಮೇಣದ ಬತ್ತಿಗಳ ಸಾಲು. ಇದನ್ನು ಕಂಡ ಕೆಲವರು ‘ಇದು ಆರಾಧನೆಯೋ, ಜಾತ್ರೆಯೋ?’ ಎಂದು ಕೇಳುವುದುಂಟು. ಪ್ರಶ್ನೆ ಹೊಸದಲ್ಲ. ಎರಡು ನೂರು ವರ್ಷಗಳ ಹಿಂದೆ ಇದೇ ಮೈಸೂರು ಸೀಮೆಯಲ್ಲಿ ದುಡಿದ ಗುರುವೊಬ್ಬರನ್ನು ಇದು ಬಹಳವಾಗಿ ಕಾಡಿತ್ತು.

ಅವರು ಫ್ರಾನ್ಸಿನ ಅಬ್ಬೆ ದುಬುವಾ. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಈ ನಾಡಿನವರಂತೆ ಉಟ್ಟರು, ಉಂಡರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ವಿರುದ್ಧ 1803–04ರಲ್ಲಿ ಅವರ ಮುತುವರ್ಜಿಯಿಂದ 25,432 ಮಂದಿಗೆ ಲಸಿಕೆ ಹಾಕಲಾಯಿತು. ನಮ್ಮ ಜನರ ರೀತಿನೀತಿಗಳ ಬಗ್ಗೆ ಅವರು ಬರೆದ ಗ್ರಂಥವನ್ನು ವಿದ್ವಾಂಸರು ಇಂದಿಗೂ ಓದುತ್ತಾರೆ.

ಇಷ್ಟೆಲ್ಲ ಮಾಡಿದ ಗುರು 1823ರಲ್ಲಿ ಸ್ವದೇಶಕ್ಕೆ ಮರಳಿದ್ದು ನಿರಾಶರಾಗಿ. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಈ ನಾಡಿನಲ್ಲಿ ಶುಭಸಂದೇಶ ಬೇರೂರುವ ಕಾಲ ಕಳೆದುಹೋಯಿತೆಂದೇ ಅವರು ವಾದಿಸಿದರು. ರಾತ್ರಿ ಹೊತ್ತು ತಮಟೆ, ಕಹಳೆಗಳೊಡನೆ ಹೊರಡುತ್ತಿದ್ದ ಕ್ರೈಸ್ತರ ಮೆರವಣಿಗೆಗಳು ತಮಗೆ ನಾಚಿಕೆ ತರುತ್ತಿದ್ದವೆಂದು ಒಪ್ಪಿಕೊಂಡರು. ಆದರೆ ಅದೇ ಪತ್ರಗಳಲ್ಲಿ ಇನ್ನೊಂದು ಮಾತೂ ಇದೆ. ಸ್ವರೂಪ, ತೀರ್ಥ, ಮೆರವಣಿಗೆಗಳಿರುವ ಕಥೋಲಿಕ ಆರಾಧನೆಗೇ ಈ ಜನ ಒಲಿಯದಿದ್ದರೆ, ಅವೊಂದೂ ಇಲ್ಲದ ಪ್ರೊಟೆಸ್ಟೆಂಟರ ಸರಳ ಆರಾಧನೆಗೆ ಹೇಗೆ ಒಲಿದಾರು ಎಂದು ಅವರು ಕೇಳಿದರು. ಆಂಗ್ಲಿಕನ್ ಗುರು ಜೇಮ್ಸ್ ಹಫ್ 1824ರಲ್ಲಿ ಇದಕ್ಕೆ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಇತಿಹಾಸದ ವಿನೋದ ನೋಡಿ. ಇದಾಗಿ ಹತ್ತು ವರ್ಷ ತುಂಬುವುದರೊಳಗೆ, 1833ರಲ್ಲಿ, ಆಂಗ್ಲಿಕನ್ ಸಭೆಯಲ್ಲೇ ಆಕ್ಸ್‌ಫರ್ಡ್ ಚಳವಳಿ ಆರಂಭವಾಯಿತು. ಆಂಗ್ಲೋ-ಕ್ಯಾಥೊಲಿಕರೆಂದು ಹೆಸರಾದ ಅವರ ದೇವಾಲಯಗಳಿಗೆ ಮುಂದಿನ ದಶಕಗಳಲ್ಲಿ ಮೇಣದ ಬತ್ತಿ, ಧೂಪ, ಪೂಜಾವಸ್ತ್ರ ಎಲ್ಲವೂ ಮರಳಿ ಬಂದವು. ಇವನ್ನು ತಡೆಯಲು 1874ರಲ್ಲಿ ಇಂಗ್ಲೆಂಡಿನ ಸಂಸತ್ತು ಕಾಯಿದೆ ಮಾಡಿತು. 1877ರಲ್ಲಿ ಆರ್ಥರ್ ಟೂತ್ ಎಂಬ ಗುರು ಸೆರೆಮನೆಗೂ ಹೋದರು. ಇದು ಬರಿಯ ಆಡಂಬರವಾಗಿದ್ದರೆ ಜನ ಎಂದೋ ಕೈಬಿಡುತ್ತಿದ್ದರು. ಆದರೆ ಲಂಡನ್ ಬಂದರಿನ ಬಡವರ ಕೇರಿಯಲ್ಲಿ 1866ರಲ್ಲಿ ಕಾಲರಾ ಬಂದಾಗ, ಅಲ್ಲಿನ ಸಂತ ಪೇತ್ರರ ದೇವಾಲಯದ ಗುರು ಚಾರ್ಲ್ಸ್ ಲೌಡರ್ ರೋಗಿಗಳ ನಡುವೆಯೇ ಉಳಿದು ಸೇವೆ ಮಾಡಿದರು. ಪೀಠದ ಮುಂದೆ ಧೂಪ ಹಾಕಿದ ಕೈಗಳೇ ರೋಗಿಯನ್ನೂ ಎತ್ತಿದ್ದನ್ನು ಕೇರಿಯ ಜನ ಕಣ್ಣಾರೆ ಕಂಡರು.

ಈಗ ನಮ್ಮ ಡೋರನಹಳ್ಳಿಗೆ ಬರೋಣ. ಹಿರಿಯರ ಬಾಯಲ್ಲಿ ಉಳಿದು ಬಂದ ಪ್ರತೀತಿ ಹೀಗಿದೆ: ಸುಮಾರು 200 ವರ್ಷಗಳ ಹಿಂದೆ ರೈತನೊಬ್ಬ ಹೊಲ ಉಳುತ್ತಿದ್ದಾಗ ಮರದ ಸ್ವರೂಪವೊಂದು ಸಿಕ್ಕಿತು. ಅದು ಯಾರದೆಂದು ಅವನಿಗೆ ತಿಳಿಯದು. ಮೊದಲು ಅಲಕ್ಷ್ಯ ಮಾಡಿದ. ಕನಸಿನಲ್ಲಿ ಸನ್ಯಾಸಿಯೊಬ್ಬರು ಕಾಣಿಸಿಕೊಂಡು ತಮಗೊಂದು ಗುಡಿ ಕಟ್ಟಬೇಕೆಂದು ಕೇಳಿದರು. ಅದು ಸಂತ ಅಂತೋಣಿಯವರ ಸ್ವರೂಪವೆಂದು ಕ್ರೈಸ್ತ ಗುರುಗಳಿಂದ ತಿಳಿದದ್ದು ಆಮೇಲೆ. ಈ ಕತೆಯನ್ನು ದಾಖಲೆಯಂತೆ ಓದಬೇಕಾಗಿಲ್ಲ. ಆದರೆ ಅದು ಹೇಳುವ ಕಾಲವನ್ನು ಗಮನಿಸಿ. ಹೆಚ್ಚುಕಡಿಮೆ ದೊಡ್ಡ ಸ್ವಾಮಿಯವರು ನಿರಾಶರಾಗಿ ಹಡಗು ಹತ್ತಿದ ಕಾಲವೇ ಅದು!

ಲಿಸ್ಬನ್ನಿನಲ್ಲಿ ಹುಟ್ಟಿ, ಇಟಲಿಯ ನಗರಗಳಲ್ಲಿ ಬೋಧಿಸಿ, 1231ರಲ್ಲಿ ಕಣ್ಮುಚ್ಚಿದ ಮಹಾಪಂಡಿತ ಅಂತೋಣಿಯವರು. 1946ರಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಅಂಥವರು ಇಲ್ಲಿ ಸಿಕ್ಕಿದ್ದು ಗ್ರಂಥದಲ್ಲಲ್ಲ, ನೇಗಿಲ ಸಾಲಿನಲ್ಲಿ. ಈ ಸೀಮೆಗೆ ಅದೇ ಸಹಜ. ಪಕ್ಕದ ಚುಂಚನಕಟ್ಟೆಯಲ್ಲಿ, ಕಾವೇರಿ ಧುಮುಕುವಲ್ಲಿ, ಕೋದಂಡರಾಮನ ಸನ್ನಿಧಿಯಲ್ಲಿ ಸಂಕ್ರಾಂತಿಯ ವೇಳೆಗೆ ದನಗಳ ಜಾತ್ರೆ ಸೇರುತ್ತದೆ. ಎತ್ತು, ನೇಗಿಲು, ಮಳೆ, ಬೆಳೆ, ಇವೇ ಬದುಕಾದ ರೈತ ತನ್ನ ಕಷ್ಟಸುಖವನ್ನು ಹರಕೆಯ ಭಾಷೆಯಲ್ಲಿ ಹೇಳಿಕೊಂಡರೆ ಅದು ವಿಶ್ವಾಸವಲ್ಲವೆಂದು ಹೇಳಲು ನಾವು ಯಾರು?

ಧರ್ಮಸಭೆಯೂ ಈ ಭಾಷೆಯನ್ನು ಕಲಿತಿತು, ನಿಧಾನವಾಗಿ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಸಂವಿಧಾನವನ್ನು ಹೊರಡಿಸಿದ ಮೇಲೆ ಲತೀನಿನ ಬಲಿಪೂಜೆ ಕನ್ನಡಕ್ಕೆ ಬಂತು. ಅದುವರೆಗೆ ಜಪಸರ ಹಿಡಿದು ಮೌನವಾಗಿದ್ದವರು ಗುರುವಿಗೆ ತಮ್ಮ ಮಾತಿನಲ್ಲೇ ಉತ್ತರ ಕೊಡತೊಡಗಿದರು. 1969ರಲ್ಲಿ ರೋಮ್ ಭಾರತದ ಆರಾಧನೆಗೆ ಹನ್ನೆರಡು ಅಂಶಗಳನ್ನು ಅನುಮತಿಸಿತು. ಆರತಿ, ಕೈಮುಗಿಯುವುದು, ನೆಲದ ಮೇಲೆ ಕೂರುವುದು, ಎಣ್ಣೆಯ ದೀಪ ಅವುಗಳಲ್ಲಿ ಸೇರಿದ್ದವು. ಇದರ ಹಿಂದೆ ದುಡಿದ ಪೂಜ್ಯ ಡಿ. ಎಸ್. ಅಮಲೋರ್ಪವದಾಸ್ ಮುಂದೆ ಮೈಸೂರಿಗೇ ಬಂದು ಅಂಜಲಿ ಆಶ್ರಮ ಕಟ್ಟಿದರು. ದೊಡ್ಡ ಸ್ವಾಮಿಯವರಿಗೆ ನಾಚಿಕೆ ತಂದದ್ದು ಈಗ ಪೀಠದ ಬಳಿಯೇ ಬಂದು ನಿಂತಿತ್ತು. 2019ರಲ್ಲಿ ಡೋರನಹಳ್ಳಿಯ ದೇವಾಲಯಕ್ಕೆ ಬೆಸಿಲಿಕಾ ಪದವಿಯೂ ದೊರೆಯಿತು.

ಹಾಗೆಂದು ದುಬುವಾ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ತೇರಿನ ಮುಂದೆ ತಮಟೆ ಇರುವುದು ತಪ್ಪಲ್ಲ. ತೇರು ನಿಂತ ಮೇಲೆ ಏನೂ ಉಳಿಯದಿದ್ದರೆ ತಪ್ಪು. ಯಾತ್ರಿಕರು ಬಂದು ಹೋಗುತ್ತಾರೆ. ಧರ್ಮಕೇಂದ್ರದ ಕುಟುಂಬಗಳು ಉಳಿಯುತ್ತವೆ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಮುಟ್ಟಿಸಲು ಗುರುವಿನ ಜೊತೆ ಹೋಗುವವರು ಅವರೇ, ಮಕ್ಕಳಿಗೆ ಧರ್ಮೋಪದೇಶ ಹೇಳುವವರು ಅವರೇ, ಸಾವಿನ ಮನೆಯಲ್ಲಿ ಜಪಸರ ಹೇಳಿಸುವವರು ಅವರೇ. ಸಂತ ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿ ಲೋಕದೆಲ್ಲೆಡೆ ಇದೆ. ಆ ರೊಟ್ಟಿಗೆ ಜೂನ್ 13ರಂದು ಕೈಯೊಡ್ಡುವವರಿಗೆ 14ರಂದೂ ಹಸಿವಾಗುತ್ತದೆ.