ಜಾಗ ಮಾರಿದರು, ಮೀನು ಮಾರಲಿಲ್ಲ

ಉಪ್ಪನ ಅಂಗಡಿಯಲ್ಲಿ ಟಾರ್ಚಿನ ಸೆಲ್ಲು ವರ್ಷವಿಡೀ ನಿಧಾನವಾಗಿ ಹೋಗುವ ಸಾಮಾನು. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಮಾತ್ರ ಒಂದು ಪೆಟ್ಟಿಗೆಯೂ ಉಳಿಯುತ್ತಿರಲಿಲ್ಲ. ಅದು ಉಬರ್ ಹತ್ತುವ ರಾತ್ರಿ. ಹೊಳೆಯ ಮೀನು ಮೊಟ್ಟೆ ಇಡಲು ತೋಡು ಹತ್ತಿ ಗದ್ದೆಗೆ ಬರುತ್ತದೆ. ಒಬ್ಬನ ಕೈಯಲ್ಲಿ ಬೆಳಕು, ಇನ್ನೊಬ್ಬನ ಕೈಯಲ್ಲಿ ಕತ್ತಿ. ಉಪ್ಪನ ಕಾಲದಲ್ಲಿ ಟಾರ್ಚೂ ಇರಲಿಲ್ಲವಂತೆ, ಒಣ ತೆಂಗಿನ ಗರಿ ಕಟ್ಟಿದ ಸೂಟೆ.

ಇದನ್ನು ಇಲ್ಲಿ ಬರೆಯಲು ಕಾರಣ ಒಂದು ದೂರದ ಮೀನು. ನಾನು ಜುಬೈಲಿನಲ್ಲಿ ಪಂಪ್ ವಿಭಾಗದಲ್ಲಿದ್ದಾಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಇನ್ಸ್‌ಪೆಕ್ಟರ್ ಒಬ್ಬರು ನಮ್ಮ ಜೊತೆ ಇದ್ದರು. ಊಟದ ಹೊತ್ತಿಗೆ ಫೋನು ತೆಗೆದು ಊರಿನ ಮೀನು ತೋರಿಸುತ್ತಿದ್ದರು. ವಾಲ್‌ಐ ಅಂತ ಹೆಸರು. ಮೈ ಬಂಗಾರ ಕಲಸಿದ ಕಂದು, ಕಣ್ಣು ಮಾತ್ರ ಪೊರೆ ಬಂದ ಹಾಗೆ ಬಿಳಿ. ರಾತ್ರಿಯೇ ಗಾಳ ಹಾಕಬೇಕು, ಆಗಲೇ ಅದು ಕಚ್ಚುವುದು ಎಂದರು. ಆಮೇಲೆ ಮುಖ ಗಂಟಿಕ್ಕಿ, "ಈಗ ಇಂಡಿಯನ್ನರು ಬಂದು ಈಟಿಯಲ್ಲಿ ಚುಚ್ಚಿ ಎಲ್ಲ ಮುಗಿಸಿದ್ದಾರೆ" ಎಂದರು. ಮೀನಿನ ವಿಷಯವಾದ್ದರಿಂದ ನಮ್ಮ ಕಡೆಯವರೇ ಯಾರೋ ಅಲ್ಲಿಗೂ ಮುಟ್ಟಿರಬೇಕು ಎಂದು ನಾನು ಒಂದು ಕ್ಷಣ ನಂಬಿದ್ದೆ! ಅವರು ಹೇಳಿದ್ದು ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ಬಗ್ಗೆ. ಆ ರಾತ್ರಿ ಕ್ಯಾಂಪಿನಲ್ಲಿ ಹುಡುಕಿ ಓದಲು ಶುರುಮಾಡಿದ ವಿಷಯ ಇನ್ನೂ ಮುಗಿದಿಲ್ಲ.

ಮೊದಲು ಕಣ್ಣಿನ ಸಂಗತಿ. ವಾಲ್‌ಐ ಮೀನಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿದೆ. ಒಳಗೆ ಬಂದ ಬೆಳಕನ್ನು ಅದು ತಿರುಗಿಸಿ ಇನ್ನೊಮ್ಮೆ ಕಣ್ಣಿನೊಳಕ್ಕೇ ಹಾಯಿಸುತ್ತದೆ. ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದೂ ಇದೇ ಕಾರಣಕ್ಕೆ. ಅದರಿಂದಾಗಿ ಮಂದ ಬೆಳಕಿನಲ್ಲಿ ಬೇರೆ ಮೀನಿಗೆ ಕಾಣದ್ದು ಇದಕ್ಕೆ ಕಾಣುತ್ತದೆ, ರಾತ್ರಿ ಬೇಟೆಗೆ ಹೊರಡುತ್ತದೆ. ಆದರೆ ಅದೇ ಕನ್ನಡಿ ಅದನ್ನು ಹಿಡಿದೂ ಕೊಡುತ್ತದೆ. ನೀರಿನ ಮೇಲೆ ಬೆಂಕಿ ಹಿಡಿದರೆ ಕೆಳಗೆ ಎರಡು ಕೆಂಡದ ಹಾಗೆ ಕಣ್ಣು ಹೊಳೆಯುತ್ತದೆ. ಚಳಿಗಾಲದ ಹಿಮಗಡ್ಡೆ ಕರಗಿ ನೀರು 6ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ಬರುವ ಕೆಲವೇ ದಿನ ಈ ಮೀನುಗಳು ದಡದ ಕಲ್ಲು ಜಲ್ಲಿಯ ಮೇಲೆ, ಮೊಣಕಾಲು ಮಟ್ಟದ ನೀರಿನಲ್ಲಿ, ರಾತ್ರಿ ಹೊತ್ತು ಮೊಟ್ಟೆ ಇಡಲು ಸೇರುತ್ತವೆ. ಅವರ ಉಬರ್ ಅದು.

ಒಜಿಬ್ವೆ ಜನ ಈ ಮೀನನ್ನು ಒಗಾ ಎನ್ನುತ್ತಾರೆ. ಬರ್ಚ್ ಮರದ ತೊಗಟೆಯ ದೋಣಿಯಲ್ಲಿ ಮರದ ಅಂಟು ಮೆತ್ತಿದ ಪಂಜು ಹೊತ್ತಿಸಿಕೊಂಡು, ಉದ್ದ ಕೋಲಿನ ಈಟಿ ಹಿಡಿದು, ದಡದ ಗುಂಟ ನಿಧಾನ ಹೋಗುವುದು ಅವರ ಕ್ರಮವಾಗಿತ್ತು. ಈಟಿ ಗುರಿ ಇಡುವುದಕ್ಕೂ ಲೆಕ್ಕ ಇದೆ. ನೀರಿನಲ್ಲಿ ಬೆಳಕು ಬಾಗುವುದರಿಂದ ಮೀನು ಇರುವುದಕ್ಕಿಂತ ಮೇಲೆ ಇದ್ದ ಹಾಗೆ ಕಾಣುತ್ತದೆ, ಕಂಡದ್ದಕ್ಕಿಂತ ಕೆಳಗೆ ಹೊಡೆಯಬೇಕು. ನಾವು ಡಿಪ್ಲೊಮಾಕ್ಕೆ ಮೊದಲು ಫಿಸಿಕ್ಸ್‌ನಲ್ಲಿ ಓದಿ ಪರೀಕ್ಷೆಯ ಮರುದಿನ ಮರೆತದ್ದನ್ನು ಅಲ್ಲಿನ ಹುಡುಗರು ದೋಣಿಯಲ್ಲಿ ಕಲಿಯುತ್ತಿದ್ದರು. ಫ್ರೆಂಚ್ ವ್ಯಾಪಾರಿಗಳು ರಾತ್ರಿ ಈ ಬೆಂಕಿಗಳನ್ನು ನೋಡಿ ಆ ಜಾಗಕ್ಕೆ 'ಲ್ಯಾಕ್ ಡು ಫ್ಲಾಂಬೊ' ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೂಟೆಯ ಕೆರೆ. ಇವತ್ತಿಗೂ ಅದೇ ಹೆಸರು.

1837ರಲ್ಲಿ ಅಮೆರಿಕ ಸರ್ಕಾರಕ್ಕೆ ಆ ಕಾಡಿನ ಪೈನ್ ಮರ ಬೇಕಾಯಿತು, ಒಪ್ಪಂದ ಮಾಡಿ ಜಾಗ ಬರೆಸಿಕೊಂಡಿತು. 1842ರಲ್ಲಿ ಸುಪೀರಿಯರ್ ಸರೋವರದ ದಡದ ತಾಮ್ರ ಬೇಕಾಯಿತು, ಇನ್ನೊಂದು ಒಪ್ಪಂದ. ಇವತ್ತಿನ ವಿಸ್ಕಾನ್ಸಿನ್ನಿನ ಉತ್ತರದ ಸುಮಾರು ಮೂರನೆಯ ಒಂದು ಭಾಗ ಹೀಗೆ ಕೈಬಿಟ್ಟು ಹೋಯಿತು. ಆದರೆ ಆ ಜನ ಒಂದು ಮಾತು ಬರೆಸಿಕೊಂಡಿದ್ದರು. ಕೊಟ್ಟ ಜಾಗದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ನೀರಿನಲ್ಲಿ ಬೆಳೆಯುವ ಕಾಡುಭತ್ತ ಕೊಯ್ಯುವ ಹಕ್ಕು ತಮಗೇ ಇರಬೇಕು ಎಂದು. 1837ರ ಕಾಗದದಲ್ಲಿ ಇದಕ್ಕೊಂದು ಬಾಲವೂ ಇತ್ತು: ಅಮೆರಿಕದ ಅಧ್ಯಕ್ಷರ ಇಚ್ಛೆ ಇರುವ ತನಕ ಮಾತ್ರ.

ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಉಪ್ಪ ಅಕ್ಕನ ಮದುವೆಗೆ ಮನೆ ಪಕ್ಕದ ಹತ್ತು ಸೆಂಟ್ಸ್ ಮಾರಿದ್ದರು. ಬಾವಿ ಆ ಹತ್ತು ಸೆಂಟ್ಸಿನೊಳಗೆ ಹೋಯಿತು. ಆದರೆ ಬಾವಿಯಿಂದ ನೀರು ಸೇದುವ ಹಕ್ಕು ನಮಗಿದೆ ಎಂದು ಆಧಾರದಲ್ಲಿ ಬರೆಸಿದ್ದರು. ಜಾಗ ತಕ್ಕೊಂಡವರು ಇರುವ ತನಕ ಏನೂ ಇರಲಿಲ್ಲ. ಅವರ ನಂತರ ಮಕ್ಕಳು ಗೇಟಿಗೆ ಬೀಗ ಹಾಕಿ, "ಇಷ್ಟು ವರ್ಷ ನೀರು ಕೊಟ್ಟೆವು, ಸಾಕು" ಎಂದರು. ಆಗ ಉಪ್ಪ ಸಿಟ್ಟಾದದ್ದು ಬೀಗಕ್ಕಲ್ಲ, 'ಕೊಟ್ಟೆವು' ಎಂಬ ಮಾತಿಗೆ. ಅವರು ಕೊಟ್ಟದ್ದಲ್ಲ, ನಾವು ಮಾರದೆ ಇಟ್ಟುಕೊಂಡದ್ದು. ಒಜಿಬ್ವೆಯವರ ಇಡೀ ಕೇಸು ಇದೇ. ಅಮೆರಿಕದ ಸುಪ್ರೀಂ ಕೋರ್ಟು 1905ರಲ್ಲೇ, ಇನ್ನೊಂದು ಬುಡಕಟ್ಟಿನ ಮೀನಿನ ಕೇಸಿನಲ್ಲಿ, ಒಪ್ಪಂದ ಎಂದರೆ ಸರ್ಕಾರ ಅವರಿಗೆ ಕೊಟ್ಟದ್ದಲ್ಲ, ಅವರು ಸರ್ಕಾರಕ್ಕೆ ಕೊಟ್ಟದ್ದು, ಕೊಡದೆ ಉಳಿದದ್ದು ಅವರದ್ದೇ ಎಂದು ಹೇಳಿತ್ತು. ಹೇಳಿದ್ದು ಕೆರೆಯ ದಡಕ್ಕೆ ಮುಟ್ಟಲು ಬಹಳ ಕಾಲ ಹಿಡಿಯಿತು.

ನಡುವೆ ಆದದ್ದನ್ನು ಓದುವಾಗ ಹೊಟ್ಟೆ ಸಂಕಟವಾಗುತ್ತದೆ. 1850ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಆ ಬಾಲವನ್ನು ಹಿಡಿದು, ಹಕ್ಕು ರದ್ದು, ಜನ ಪಶ್ಚಿಮಕ್ಕೆ ಹೋಗಬೇಕು ಎಂದು ಆಜ್ಞೆ ಹೊರಡಿಸಿದರು. ಜಾಗದ ಬಾಬ್ತು ವರ್ಷವರ್ಷ ಕೊಡಬೇಕಾದ ಹಣ, ಸಾಮಾನುಗಳನ್ನು ಹತ್ತಿರದ ಲಾ ಪಾಯಿಂಟ್ ಬಿಟ್ಟು ದೂರದ ಸ್ಯಾಂಡಿ ಲೇಕ್‌ನಲ್ಲಿ ಕೊಡುತ್ತೇವೆ ಎಂದು ಕರೆದರು. ಜನ ಶರತ್ಕಾಲದಲ್ಲಿ ಹೋಗಿ ಕಾದರು. ಸಾಮಾನು ತಡವಾಯಿತು, ಕೊಟ್ಟ ಆಹಾರ ಹಾಳಾಗಿತ್ತು, ರೋಗ ಬಂತು, ಮೇಲೆ ಹಿಮ. ಅಲ್ಲಿ ಮತ್ತು ವಾಪಸು ಬರುವ ದಾರಿಯಲ್ಲಿ ಸೇರಿ ಸುಮಾರು 400 ಜನ ಸತ್ತರು. 1852ರಲ್ಲಿ ಕೆಚೆವೈಶ್ಕೆ ಎಂಬ ಮುಖಂಡರು, ತೊಂಬತ್ತು ದಾಟಿದ ಮುದುಕರು, ದೋಣಿಯಲ್ಲಿ ಹೊರಟು ವಾಷಿಂಗ್ಟನ್‌ಗೆ ಹೋಗಿ ಆಗಿನ ಅಧ್ಯಕ್ಷ ಫಿಲ್ಮೋರ್ ಅವರನ್ನು ಕಂಡು ಅಹವಾಲು ಕೊಟ್ಟರು. ಒಕ್ಕಲೆಬ್ಬಿಸುವುದು ನಿಂತಿತು. 1854ರ ಒಪ್ಪಂದದಲ್ಲಿ ಲ್ಯಾಕ್ ಡು ಫ್ಲಾಂಬೊ ಸಹಿತ ಕೆಲವು ಮೀಸಲು ಪ್ರದೇಶಗಳು ಅವರ ಪಾಲಿಗೆ ಬಂದವು.

ಆದರೆ ಮೀನಿಗೆ ಮೀಸಲು ಪ್ರದೇಶದ ಗಡಿ ಗೊತ್ತಿಲ್ಲವಲ್ಲ. ಗಡಿಯ ಹೊರಗೆ ಈಟಿ ಹಿಡಿದರೆ ರಾಜ್ಯದ ವಾರ್ಡನ್‌ಗಳು ಹಿಡಿಯತೊಡಗಿದರು. ವಿಸ್ಕಾನ್ಸಿನ್ 1848ರಲ್ಲಿ ರಾಜ್ಯವಾದಾಗಲೇ ಹಳೆಯ ಹಕ್ಕು ಮುಗಿಯಿತು ಎಂದು ರಾಜ್ಯದ ಸುಪ್ರೀಂ ಕೋರ್ಟು 1908ರಲ್ಲಿ ತೀರ್ಪು ಕೊಟ್ಟಿತ್ತು. ಅಲ್ಲಿಂದ ಎರಡು ಮೂರು ತಲೆಮಾರು ರಾತ್ರಿ ಕದ್ದು ಮೀನು ಹಿಡಿದವು. ಅಜ್ಜಂದಿರು ಬೆಳಕಿನಲ್ಲಿ ಮಾಡಿದ್ದನ್ನು ಮೊಮ್ಮಕ್ಕಳು ಕತ್ತಲಲ್ಲಿ ಕಳ್ಳರ ಹಾಗೆ ಮಾಡಬೇಕಾಯಿತು. ಸಿಕ್ಕಿಬಿದ್ದರೆ ದಂಡ, ಜೈಲು.

1974ರ ಮಾರ್ಚಿನಲ್ಲಿ ಲ್ಯಾಕ್ ಕೂರ್ಟ್ ಒರೆಯ್ಲ್ ಎಂಬ ಮೀಸಲು ಪ್ರದೇಶದ ಫ್ರೆಡ್ ಮತ್ತು ಮೈಕ್ ಟ್ರಿಬಲ್ ಎಂಬ ಅಣ್ಣತಮ್ಮಂದಿರು ಬೇಕೆಂದೇ ಗಡಿರೇಖೆ ದಾಟಿ, ಹಿಮಗಡ್ಡೆಯಲ್ಲಿ ತೂತು ಕೊರೆದು ಈಟಿ ಹಾಕಿದರು. ವಾರ್ಡನ್‌ಗಳು ಕೇಸು ಹಾಕಿದರು, ಅವರಿಗೆ ಬೇಕಾದದ್ದೂ ಅದೇ. 1978ರಲ್ಲಿ ಕೆಳಗಿನ ಫೆಡರಲ್ ಕೋರ್ಟಿನಲ್ಲಿ ಬುಡಕಟ್ಟು ಸೋತಿತು. 1983ರ ಜನವರಿಯಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಟೇಲರ್ ಆಜ್ಞೆ ಅಧಿಕಾರ ಮೀರಿದ್ದು, ಹಕ್ಕು ಹಾಗೇ ಉಳಿದಿದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಟರ್ ವಾಯ್ಟ್ ಎದುರು ಕಕ್ಷಿಯಾದ್ದರಿಂದ ಇದಕ್ಕೆ ವಾಯ್ಟ್ ತೀರ್ಪು ಎಂದೇ ಹೆಸರು ಬಂತು.

ಕೋರ್ಟಿನಲ್ಲಿ ಗೆದ್ದದ್ದು ಸುಲಭದ ಭಾಗ. 1985ರ ವಸಂತದಿಂದ ಒಜಿಬ್ವೆಯವರು ಬೆಳಕು ಹೊತ್ತಿಸಿಕೊಂಡು ಮತ್ತೆ ಕೆರೆಗಿಳಿದರು. ಈಗ ಪಂಜು ಇಲ್ಲ, ಹೆಲ್ಮೆಟ್ಟಿಗೆ ದೀಪ ಕಟ್ಟಿ ದೋಣಿಯಲ್ಲಿಟ್ಟ ಬ್ಯಾಟರಿಗೆ ತಂತಿ ಕೊಟ್ಟದ್ದು, ದೋಣಿ ಅಲ್ಯೂಮಿನಿಯಂನದ್ದು. "ಇದೇನು ನಿಮ್ಮ ಅಜ್ಜಂದಿರ ಪದ್ಧತಿಯೋ?" ಎಂದು ಎದುರಿನವರು ಹಂಗಿಸಿದರು. ಕಾಲಕ್ಕೆ ತಕ್ಕ ಸಾಧನ ಬಳಸಬಹುದು ಎಂದು ಕೋರ್ಟು ಹೇಳಿತು. (ಗಾಳ ಹಾಕುವವರ ದೋಣಿಯಲ್ಲಿ ಸೋನಾರ್ ಇರುವಾಗ ಈ ಪ್ರಶ್ನೆ ಕೇಳಿದ್ದೇ ಆಶ್ಚರ್ಯ.)

ದೋಣಿ ಇಳಿಸುವ ದಡಗಳಲ್ಲಿ ರಾತ್ರಿ ನೂರಾರು, ಕೆಲವೆಡೆ ಸಾವಿರಕ್ಕೂ ಮೇಲೆ ಜನ ಸೇರತೊಡಗಿದರು. ಬೈಗುಳ, ಕಲ್ಲು, ಕವಣೆಯಿಂದ ಹೊಡೆದ ಉಕ್ಕಿನ ಗುಂಡು, ಈಟಿಯವರ ದೋಣಿ ಮಗುಚಲಿ ಎಂದು ಸುತ್ತ ಮೋಟರ್ ದೋಣಿ ಓಡಿಸಿ ಎಬ್ಬಿಸಿದ ಅಲೆ. ಮೀನು ಉಳಿಸಿ, ಇಂಡಿಯನ್ನರನ್ನು ಚುಚ್ಚಿ ಎಂಬ ಅರ್ಥದ ಸ್ಟಿಕ್ಕರುಗಳು ಕಾರಿನ ಹಿಂದೆ. ಹೆಂಗಸರು ಮಕ್ಕಳು ದಡದಲ್ಲಿ ಡೋಲು ಬಾರಿಸುತ್ತಾ ನಿಲ್ಲುತ್ತಿದ್ದರು, ಸುತ್ತ ಪೊಲೀಸರು. ಸಾಕ್ಷಿಗಳಾಗಿ ಸುಮ್ಮನೆ ಜೊತೆಗೆ ನಿಲ್ಲಲು ಬಂದ ಬಿಳಿಯರೂ ಇದ್ದರು, ಅದನ್ನೂ ಹೇಳಬೇಕು. 1989ರಲ್ಲಿ ರಾಜ್ಯ ಸರ್ಕಾರ ಕೋಟ್ಯಂತರ ಡಾಲರ್ ಕೊಡುತ್ತೇವೆ, ಹಕ್ಕನ್ನು ಬಳಸಬೇಡಿ ಎಂದು ಲ್ಯಾಕ್ ಡು ಫ್ಲಾಂಬೊದವರ ಮುಂದಿಟ್ಟಿತು. ಅವರು ಶ್ರೀಮಂತರೇನಲ್ಲ. ಆದರೂ ಮತ ಹಾಕಿ ಬೇಡ ಎಂದರು. ಎಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ, ಹಣ ತೆಗೆದುಕೊಳ್ಳೋಣ ಎಂದವರೂ ಬಹಳ ಇದ್ದರು. ಅಂಗಡಿಯವನ ಮಗನಾಗಿ ನನಗೆ ಆ 'ಬೇಕು' ಎಂದವರ ಮೇಲೂ ಸಿಟ್ಟಿಲ್ಲ. ಸಾಲದ ಪುಸ್ತಕ ನೋಡಿ ಬೆಳೆದವನಿಗೆ ಗೊತ್ತು.

ಈಗ ಇನ್ಸ್‌ಪೆಕ್ಟರರ ಮಾತಿಗೆ ಬರೋಣ. ಮೊಟ್ಟೆ ಇಡಲು ಬಂದ ಮೀನನ್ನೇ ಚುಚ್ಚಿದರೆ ಕೆರೆ ಬರಿದಾಗುವುದಿಲ್ಲವೆ? ನನಗೂ ಈ ಪ್ರಶ್ನೆ ಇತ್ತು. ಕೇರಳದಲ್ಲಿ ಮಳೆಗಾಲದ ಆರಂಭದ ಊತ್ತ ಹಿಡಿಯುವುದು, ಅಂದರೆ ನಮ್ಮ ಉಬರ್, ಕಾನೂನಿನಲ್ಲಿ ನಿಷೇಧ. ಅದು ಸರಿಯಾದ ಕಾನೂನು ಎಂದೇ ನನ್ನ ಅಭಿಪ್ರಾಯ, ನಮ್ಮ ತೋಡುಗಳಲ್ಲಿ ಈಗ ಮೀನೆಲ್ಲಿದೆ? ಆದರೆ ಅಲ್ಲಿ ಲೆಕ್ಕ ಇಡುವ ಕ್ರಮ ಬೇರೆ. 1984ರಲ್ಲೇ ಬುಡಕಟ್ಟುಗಳು ಸೇರಿ ತಮ್ಮದೇ ಮೀನು ಮತ್ತು ವನ್ಯಜೀವಿ ಆಯೋಗ ಕಟ್ಟಿಕೊಂಡವು. ಪ್ರತಿ ಕೆರೆಯಲ್ಲಿ ಎಷ್ಟು ಮೀನಿದೆ ಎಂದು ಅಂದಾಜು ಮಾಡಿ, ಗಾಳದವರೂ ಈಟಿಯವರೂ ಸೇರಿ ದೊಡ್ಡ ಮೀನಿನ 35 ಶೇಕಡಾಕ್ಕಿಂತ ಹೆಚ್ಚು ತೆಗೆಯಬಾರದು ಎಂಬ ಮಿತಿಯೊಳಗೆ ಪಾಲು ಹಾಕುತ್ತಾರೆ. ಈಟಿಯವನಿಗೆ ಒಂದು ರಾತ್ರಿಗೆ, ಒಂದು ಕೆರೆಗೆ, ಇಂತಿಷ್ಟೇ ಎಂದು ಪರವಾನಗಿ. 20 ಇಂಚಿಗಿಂತ ದೊಡ್ಡ ಮೀನಿಗೆ ಬಿಗಿ ಮಿತಿ, ದೊಡ್ಡವೇ ಹೆಚ್ಚಾಗಿ ಹೆಣ್ಣು. ದಡದ ಕಡಿಮೆ ನೀರಿನಲ್ಲಿ ಕಾದು ನಿಲ್ಲುವುದು ಬಹುಪಾಲು ಗಂಡು, ಈಟಿಗೆ ಸಿಗುವುದೂ ಅವೇ. ದೋಣಿ ದಡಕ್ಕೆ ಬಂದ ಕೂಡಲೇ ಗುಮಾಸ್ತರು ಟಾರ್ಚು ಹಿಡಿದು ಒಂದೊಂದೇ ಮೀನು ಎಣಿಸುತ್ತಾರೆ. ಗಾಳ ಹಾಕುವ ಲಕ್ಷಾಂತರ ಜನರ ಮೀನನ್ನು ಹೀಗೆ ಯಾರೂ ಎಣಿಸುವುದಿಲ್ಲ. ಅವರು ಒಯ್ಯುವುದು ಬುಡಕಟ್ಟಿನವರಿಗಿಂತ ಹಲವು ಪಟ್ಟು ಹೆಚ್ಚು.

1991ರಲ್ಲಿ ರಾಜ್ಯ, ಬುಡಕಟ್ಟುಗಳು ಮತ್ತು ಕೇಂದ್ರ ಸರ್ಕಾರದ ತಜ್ಞರು ಒಟ್ಟಿಗೆ ಮಾಡಿದ ಸಮೀಕ್ಷೆಯ ವರದಿ ಬಂತು. ಈಟಿಯಿಂದ ಮೀನಿನ ಸಂತತಿಗೆ ಹಾನಿಯಾಗಿಲ್ಲ ಎಂದು ಅದು ಹೇಳಿತು. ನೀರಿನ ಮೇಲೆ ಬೆಳಕು ಚೆಲ್ಲುವುದು ಎಂಬ ಅರ್ಥದ ಹೆಸರನ್ನು ಆ ವರದಿಗೆ ಇಟ್ಟಿದ್ದರು. ಅದೇ ವರ್ಷ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್, ಈಟಿಯವರನ್ನು ಅಡ್ಡಿಪಡಿಸಿದವರ ವಿರುದ್ಧ ತಡೆಯಾಜ್ಞೆ ಕೊಟ್ಟರು. ಮೂಲ ಕೇಸಿನ ಅಂತಿಮ ತೀರ್ಪಿನ ಮೇಲೆ ಎರಡೂ ಕಡೆಯವರು ಮೇಲ್ಮನವಿಗೆ ಹೋಗಲಿಲ್ಲ. ಬುಡಕಟ್ಟುಗಳಿಗೆ ಎಲ್ಲವೂ ಸಿಗಲಿಲ್ಲ, ಮಾರಾಟಕ್ಕೆ ಮರ ಕಡಿಯುವ ಹಕ್ಕನ್ನು ಕೋರ್ಟು ಒಪ್ಪಲಿಲ್ಲ. ಪಕ್ಕದ ಮಿನೆಸೋಟದ ಕೇಸು 1999ರಲ್ಲಿ ದೇಶದ ಸುಪ್ರೀಂ ಕೋರ್ಟಿಗೆ ಹೋದಾಗ ಐವರು ಒಜಿಬ್ವೆಯವರ ಪರ, ನಾಲ್ವರು ವಿರುದ್ಧ. 1837ರ ಕಾಗದ ಅಷ್ಟರಲ್ಲಿ ಉಳಿಯಿತು.

ದಡದ ಗುಂಪು ಕರಗಿದೆ, ಆದರೂ ಕೆಲವು ವಸಂತದಲ್ಲಿ ಬೈಗುಳದ ಸುದ್ದಿ ಈಗಲೂ ಬರುತ್ತದೆ. ಈಗಿನ ದೊಡ್ಡ ಚಿಂತೆ ನೀರಿನ ಬಿಸಿ. ತಣ್ಣೀರಿನ ಈ ಮೀನಿನ ಮರಿಗಳು ಎಷ್ಟೋ ಕೆರೆಗಳಲ್ಲಿ ಮೊದಲಿನಷ್ಟು ಉಳಿಯುತ್ತಿಲ್ಲ.

ನಮ್ಮ ಬಾವಿಯ ವಿಷಯ ಪಂಚಾಯತಿಕೆಯಲ್ಲಿ ಮುಗಿಯಿತು. ಗೇಟಿನ ಇನ್ನೊಂದು ಕೀಲಿ ನಮ್ಮ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ, ನಲ್ಲಿ ಬಂದ ಮೇಲೆ ಅಪರೂಪಕ್ಕೆ ತೆಗೆಯುವುದು. ಈ ಮೀನಿನ ಕಥೆ ಇಡೀ ಉಪ್ಪನಿಗೆ ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಹೇಳಿದೆ. ಅವರು ಚಿಲ್ಲರೆ ಎಣಿಸುತ್ತಾ ಎಲ್ಲ ಕೇಳಿ, ಕಡೆಗೆ ಒಂದೇ ಪ್ರಶ್ನೆ ಕೇಳಿದರು: "ಆ ಮೀನಿಗೆ ಮುಳ್ಳು ಜಾಸ್ತಿಯಾ?"

"ಕಮ್ಮಿಯಂತೆ ಉಪ್ಪ" ಎಂದೆ.