ಟೋಪಿ ಹಾಕಿಕೊಂಡ ವೈರಸ್

2020ರ ಮಾರ್ಚ್ 22, ಭಾನುವಾರ. ಜನತಾ ಕರ್ಫ್ಯೂ. ಸಂಜೆ ಐದಕ್ಕೆ ದೇಶವೇ ತಟ್ಟೆ ಬಡಿಯಿತು, ನೆನಪಿದೆ ತಾನೆ? ಅಷ್ಟೊತ್ತಿಗಾಗಲೇ ಕೇಂದ್ರ ಸಚಿವ ರಾಮದಾಸ್ ಅಠಾವಳೆಯವರ 'ಗೋ ಕೊರೊನಾ' ವಿಡಿಯೋ ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಮುಳ್ಳು ಮುಳ್ಳಿನ ಆ ಚೆಂಡಿಗೆ ಕಣ್ಣು, ಮೂಗು, ಬಾಯಿ ಬಿಡಿಸಿದ ಮೀಮ್‌ಗಳಿಗೆ ಲೆಕ್ಕವೇ ಇರಲಿಲ್ಲ. ಹೆದರಿದ ಜನ ನಕ್ಕರು, ಅದರಲ್ಲಿ ತಪ್ಪೇನಿದೆ?

ಒಂದೇ ವಾರ. ದೆಹಲಿಯ ನಿಜಾಮುದ್ದೀನ್‌ನಲ್ಲಿ ನಡೆದ ತಬ್ಲೀಘಿ ಜಮಾತ್ ಸಭೆಯಿಂದ ಸೋಂಕು ಹರಡಿದ ಸುದ್ದಿ ಬಂತು. ಸುದ್ದಿ ನಿಜ. ಸೋಂಕೂ ನಿಜ. ಆದರೆ ಅದೇ ಚೆಂಡಿನ ತಲೆ ಮೇಲೆ ಟೋಪಿ ಬಂತು, ಸೊಂಟಕ್ಕೆ ಬಾಂಬ್ ಬೆಲ್ಟ್ ಬಂತು. 'ಕೊರೊನಾ ಜಿಹಾದ್' ಅನ್ನೋ ಹ್ಯಾಶ್‌ಟ್ಯಾಗ್ ಮಾರ್ಚ್ 28ರಿಂದ ಏಪ್ರಿಲ್ 3ರೊಳಗೆ ಟ್ವಿಟರ್‌ನಲ್ಲಿ ಸುಮಾರು 3 ಲಕ್ಷ ಸಲ ಕಾಣಿಸಿತು ಅಂತ 'ಟೈಮ್' ಪತ್ರಿಕೆ ವರದಿ ಮಾಡಿತು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕ್ಯಾರಿಯರ್ ವೇವ್ ಅಂತ ಒಂದು ಪಾಠ. ಮಾತು ತನ್ನಷ್ಟಕ್ಕೇ ದೂರ ಹೋಗೋದಿಲ್ಲ. ಅದನ್ನು ಬಲವಾದ ಇನ್ನೊಂದು ಅಲೆಯ ಮೇಲೆ ಹತ್ತಿಸಿ ಕಳಿಸಬೇಕು. ರೇಡಿಯೋ ನಡೆಯೋದೇ ಹಾಗೆ. ಇಲ್ಲಿ ಆ ಅಲೆ ನಗು. 'ಪಕ್ಕದ ಮನೆ ಸಾಹೇಬರನ್ನು ದ್ವೇಷಿಸು' ಅಂತ ನೇರವಾಗಿ ಬರೆದು ಕಳಿಸಿದ್ದರೆ ನಮ್ಮ ಸಂಬಂಧಿಕರ ಗ್ರೂಪಿನ ಹಿರಿಯರು ಗದರಿಸಿ ಡಿಲೀಟ್ ಮಾಡಿಸುತ್ತಿದ್ದರು. ಟೋಪಿ ಹಾಕಿದ ಚೆಂಡಿಗೆ ಅವರೇ ನಗುವ ಇಮೋಜಿ ಹಾಕಿದರು.

ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮ್ಯಾಟ್ ಫ್ಯೂರಿ 2005ರಲ್ಲಿ ಪೆಪೆ ಅನ್ನೋ ಸೋಮಾರಿ ಕಪ್ಪೆಯ ಕಾಮಿಕ್ ಬರೆದರು. ಪಾಪದ ಕಪ್ಪೆ. ಜನಾಂಗೀಯ ದ್ವೇಷಿಗಳು ಅದಕ್ಕೆ ಹಿಟ್ಲರ್ ಮೀಸೆ ಇಟ್ಟರು. 2016ರಲ್ಲಿ ಅದು ದ್ವೇಷದ ಚಿಹ್ನೆಗಳ ಪಟ್ಟಿ ಸೇರಿತು. ಮರುವರ್ಷ ಫ್ಯೂರಿ ತಮ್ಮ ಕಪ್ಪೆಯನ್ನು ಕಾಮಿಕ್‌ನಲ್ಲೇ ಸಾಯಿಸಿದರು.

ಈಗ ದೊಡ್ಮನೆಗೆ ಬರೋಣ. ಬಿಗ್ ಬಾಸ್ ಮನೆ ಅಲ್ಲ ಸ್ವಾಮಿ, ಸಿದ್ದಾಪುರ ತಾಲೂಕಿನ ದೊಡ್ಮನೆ, ರಾಮಕೃಷ್ಣ ಹೆಗಡೆಯವರ ಊರು. ಲಾಕ್‌ಡೌನಲ್ಲಿ ಬೆಂಗಳೂರಿನ ಐಟಿ ಹುಡುಗರು ಈ ಸೀಮೆಯ ಅಡಿಕೆ ತೋಟಗಳಿಗೆ ಲ್ಯಾಪ್‌ಟಾಪ್ ಸಮೇತ ವಾಪಸಾದರು. ಸಿಗ್ನಲ್‌ಗೆ ಗುಡ್ಡ ಹತ್ತಬೇಕಿತ್ತು. ಆಫೀಸಿನ ಫೈಲಿಗೆ ಒದ್ದಾಟ. ಮೀಮ್ ಮಾತ್ರ ಸಲೀಸಾಗಿ ಇಳೀತಿತ್ತು, ಸೈಜ್ ಚಿಕ್ಕದಲ್ವಾ!

ಫೋನಿನಲ್ಲಿ ಬಂದದ್ದು ಏನು ಮಾಡುತ್ತದೆ ಅಂತ ಈ ಸೀಮೆಗೆ ಮೊದಲೇ ಗೊತ್ತಿತ್ತು. 2017ರ ಡಿಸೆಂಬರ್. ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಕಾದ ಎಣ್ಣೆ ಸುರಿದು ಕೊಂದರಂತೆ ಅನ್ನೋ ಮಾತು ಹರಿದಾಡಿತು. ವಿಧಿವಿಜ್ಞಾನ ತಜ್ಞರು ಹಾಗೇನೂ ಆಗಿಲ್ಲ ಎಂದರು. ಯಾರು ಕೇಳುತ್ತಾರೆ? ಡಿಸೆಂಬರ್ 12ಕ್ಕೆ ಶಿರಸಿ ಬಂದ್, ಕಲ್ಲು, ಲಾಠಿ, ಅಶ್ರುವಾಯು. ಅದು ಮುಳುಗಿ ಆದ ಸಾವು ಅಂತ ಸಿಬಿಐ ವರದಿ ಕೊಟ್ಟಿದ್ದು 2022ರ ಅಕ್ಟೋಬರ್‌ನಲ್ಲಿ. ಅಂದು ಸುಳ್ಳಿಗೆ ಸಿಟ್ಟಿನ ಮುಖವಾದರೂ ಇತ್ತು. 2020ಕ್ಕೆ ಅದು ನಗುಮುಖ ಹೊತ್ತು ಬಂತು.

ಹಾಗಂತ ಈ ಜನಕ್ಕೆ ಗೇಲಿ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ ರಾಜನನ್ನೂ ಬಿಡೋದಿಲ್ಲ, ಎದುರು ಕೂತ ಊರ ಯಜಮಾನನನ್ನೂ ಬಿಡೋದಿಲ್ಲ. ಆದರೆ ಅವನ ಹೆಸರು, ಮೇಳ ಎಲ್ಲರಿಗೂ ಗೊತ್ತು. ಮಾತು ಮೀರಿದರೆ ಚೌಕಿಗೇ ಹೋಗಿ ಕೇಳಬಹುದು.

ಆ ಏಪ್ರಿಲ್‌ನಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ನದಿಗೆ ಹೋದ ಮುಸ್ಲಿಂ ಮೀನುಗಾರರನ್ನು, ವೈರಸ್ ಹರಡೋರು ನೀವೇ ಅಂತ ತಡೆದರು. ಅವರು ಕೈಮುಗಿದು ಬೇಡಿಕೊಳ್ಳುವ ವಿಡಿಯೋ ನೀವೂ ನೋಡಿರಬಹುದು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಕೆಲವರ ತಪ್ಪಿಗೆ ಇಡೀ ಸಮುದಾಯವನ್ನು ದೂರಿದರೆ ಕ್ರಮ ತಪ್ಪಿದ್ದಲ್ಲ ಎಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಟಿವಿಯಲ್ಲೇ ಎಚ್ಚರಿಸಬೇಕಾಯಿತು.

ಟಿವಿ ಅಂದ ಮೇಲೆ ನಮ್ಮ ಸಂಗತಿಯನ್ನೂ ಹೇಳಲೇಬೇಕು. ಮೀಮ್‌ನ ಭಾಷೆ ಸ್ಟುಡಿಯೋ ಗ್ರಾಫಿಕ್ಸ್‌ಗೂ ಹತ್ತಿತು. ತಬ್ಲೀಘಿ ಕಾರ್ಯಕ್ರಮಗಳಿಗಾಗಿ ಸುದ್ದಿ ವಾಹಿನಿಗಳದೇ ಸ್ವಯಂ ನಿಯಂತ್ರಣ ಪ್ರಾಧಿಕಾರ ಎನ್‌ಬಿಎಸ್‌ಎ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಹಾಕಿತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. ಆದೇಶ ಬಂದದ್ದು 2021ರ ಜೂನ್‌ನಲ್ಲಿ, ಪ್ರಸಾರವಾಗಿ ಹದಿನಾಲ್ಕು ತಿಂಗಳು ಕಳೆದ ಮೇಲೆ.